ಬೀಗ ಬದಲಿಸುವುದಕ್ಕಿರಲಿ, ಓದುವುದಕ್ಕೆ ಬೇಡ

ಮಾನ್ಯ ಸಂಪಾದಕರೇ,

ಕೆಲವು ದಿನಗಳ ಹಿಂದೆ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರ ಪತ್ರ ಬಂದಿತ್ತು. ಯಂತ್ರಗಳಿಗೆ ಈಗ ಬುದ್ಧಿ ಬಂದಿದೆ, ಇನ್ನು ಮೆಂಟೆನೆನ್ಸ್ ಕೆಲಸದವರು ಬೇರೆ ದಾರಿ ನೋಡಿಕೊಳ್ಳಬೇಕು ಎಂದು ಬರೆದಿದ್ದರು. ನಾನು 26 ವರ್ಷದಿಂದ ಅದೇ ಕೆಲಸದಲ್ಲಿರುವ ಎಲೆಕ್ಟ್ರಿಷಿಯನ್. ಓದಿ ಸಿಟ್ಟೇನೂ ಬರಲಿಲ್ಲ. ಆದರೆ ಅಂಥ ಒಂದು ಬುದ್ಧಿವಂತ ಪೆಟ್ಟಿಗೆ ನನ್ನ ಕಣ್ಣೆದುರೇ 35 ನಿಮಿಷದಲ್ಲಿ ಒಂದು ಕಾಯಿಲ್ ಸುಟ್ಟು ಹಾಕಿದ್ದು ನೆನಪಾಯಿತು. ಅದರಲ್ಲಿ ಪೆಟ್ಟಿಗೆಯ ತಪ್ಪು ಇರಲಿಲ್ಲ. ತಪ್ಪು ಯಾರದು ಅನ್ನುವುದನ್ನು ಹೇಳುವುದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ಪೆಟ್ಟಿಗೆ ಅಂದರೆ ಸೊಲೆನಾಯ್ಡ್ ಡ್ರೈವರ್, ಸೊಲೆನಾಯ್ಡಿಗೆ ಯಾವಾಗ, ಎಷ್ಟು ಕರೆಂಟ್ ಹೋಗಬೇಕು ಅಂತ ನೋಡಿಕೊಳ್ಳುವ ಸಾಮಾನು. ಸೊಲೆನಾಯ್ಡ್ ಎಷ್ಟೋ ಜನರ ಮನೆಯಲ್ಲಿದೆ, ಹೆಸರು ಗೊತ್ತಿರುವುದಿಲ್ಲ ಅಷ್ಟೆ. ವಾಷಿಂಗ್ ಮಷೀನಿಗೆ ನೀರು ಬಿಡುವಾಗ ಟಕ್ ಅನ್ನುತ್ತದಲ್ಲ, ಅದೇ. ತಾಮ್ರದ ತಂತಿ ಸುತ್ತಿದ ಕಾಯಿಲ್, ಅದರೊಳಗೆ ಜಾರುವ ಕಬ್ಬಿಣದ ಪ್ಲಂಜರ್, ವಾಪಸ್ ತಳ್ಳುವುದಕ್ಕೆ ಒಂದು ಸ್ಪ್ರಿಂಗ್. ಕರೆಂಟ್ ಕೊಟ್ಟರೆ ಪ್ಲಂಜರ್ ಒಳಗೆ ಬರುತ್ತದೆ, ತೆಗೆದರೆ ಹೊರಗೆ ಹೋಗುತ್ತದೆ. ಇಷ್ಟು ಸಾದಾ ಸಾಮಾನಿಗೆ ಪ್ರೋಗ್ರಾಂ ಮಾಡುವ ಡ್ರೈವರ್ ಯಾಕೆ ಅಂತ ನಾನೂ ಒಂದು ಕಾಲದಲ್ಲಿ ಕೇಳಿದವನೇ. ಕರೆಂಟ್ ಹಾಕಿ ತೆಗೆಯುವುದಕ್ಕೆ ಒಂದು ರಿಲೇ, ಕಿಡಿ ತಡೆಯುವುದಕ್ಕೆ ಒಂದು ಡಯೋಡ್ ಇದ್ದರೆ ಸಾಕು, ಸುಮ್ನೆ ದುಡ್ಡು ದಂಡ ಅಂದುಕೊಂಡಿದ್ದೆ.

ನಮ್ಮಲ್ಲಿ ಒಂದು ಕನ್ವೇಯರ್ ಮೇಲೆ ತಗಡಿನ ಡಬ್ಬಗಳು ಓಡುತ್ತವೆ. ಒಂದೊಂದು ಡಬ್ಬ 66 ಮಿಲಿಮೀಟರ್ ಅಗಲ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 100 ಮಿಲಿಮೀಟರ್. ವೇಗ ಸೆಕೆಂಡಿಗೆ ಒಂದೂವರೆ ಮೀಟರ್. ಅಂದರೆ ಸೆಕೆಂಡಿಗೆ 15 ಡಬ್ಬ, ನಿಮಿಷಕ್ಕೆ 900. ಒಂದು ಕಡೆ ಸಾಲು ಎರಡಾಗಿ ಒಡೆಯುತ್ತದೆ. ಆರು ಡಬ್ಬ ಎಡಕ್ಕೆ, ಆರು ಬಲಕ್ಕೆ. ದಾರಿ ಬದಲಿಸುವ ಪುಟ್ಟ ಗೇಟಿಗೆ ನಾವು ನಾಲಿಗೆ ಅನ್ನುತ್ತೇವೆ. ಆ ನಾಲಿಗೆಯನ್ನು ಎಳೆಯುವುದು ಸೊಲೆನಾಯ್ಡ್. ಎರಡು ಡಬ್ಬಗಳ ನಡುವೆ ಇರುವ ಖಾಲಿ ಜಾಗ 34 ಮಿಲಿಮೀಟರ್. ಅದು ನಾಲಿಗೆಯ ಮುಂದಿನಿಂದ ದಾಟಿ ಹೋಗುವುದಕ್ಕೆ 23 ಮಿಲಿಸೆಕೆಂಡ್ ಕೂಡ ಹಿಡಿಯುವುದಿಲ್ಲ. ಅಷ್ಟರಲ್ಲಿ ನಾಲಿಗೆ ಹೊರಳಿ ಆಗಿರಬೇಕು. ತಡವಾದರೆ ಮುಂದಿನ ಡಬ್ಬದ ಹೆಗಲಿಗೆ ಬಡಿಯುತ್ತದೆ. ಡಬ್ಬ ಅಡ್ಡ ಬೀಳುತ್ತದೆ, ಅದರ ಮೇಲೆ ಹಿಂದಿನದು, ಅದರ ಮೇಲೆ ಇನ್ನೊಂದು. ಎರಡು ಸೆಕೆಂಡಿನಲ್ಲಿ ಮೂವತ್ತು ಡಬ್ಬದ ಗುಡ್ಡೆ.

ಬೆಳಿಗ್ಗೆ ಶಿಫ್ಟ್ ಶುರುವಾದಾಗ ಏನೂ ತೊಂದರೆ ಇರುತ್ತಿರಲಿಲ್ಲ. ಹನ್ನೊಂದು ಗಂಟೆ ದಾಟುತ್ತಿದ್ದಂತೆ ಡಬ್ಬ ಬೀಳುವುದಕ್ಕೆ ಶುರು. ಲೈನ್ ನಿಲ್ಲಿಸಿ ನಾವು ಹೋಗಿ ನೋಡಿ, ಸ್ಪ್ರಿಂಗ್ ಮುಟ್ಟಿ, ಧೂಳು ಒರೆಸುವಷ್ಟರಲ್ಲಿ ಅರ್ಧ ಗಂಟೆ ಆಗಿರುತ್ತಿತ್ತು. ಆಮೇಲೆ ಮತ್ತೆ ಸರಿಯಾಗಿ ಓಡುತ್ತಿತ್ತು. ಒರೆಸಿದ್ದಕ್ಕೇ ಸರಿಹೋಯಿತು ಅಂತ ನಾವು ಬೀಗುತ್ತಿದ್ದೆವು. ನಿಜವಾಗಿ ಸರಿಹೋಗುತ್ತಿದ್ದದ್ದು ಕಾಯಿಲ್ ತಣ್ಣಗಾಗಿದ್ದಕ್ಕೆ! ಇದು ಹೊಳೆಯುವುದಕ್ಕೆ ನನಗೆ ಎರಡು ತಿಂಗಳು ಬೇಕಾಯಿತು. 26 ವರ್ಷದ ಅನುಭವ ಇರುವವನು ಹೀಗೆ ಹೇಳಿಕೊಳ್ಳಬಾರದು, ಆದರೆ ನಿಜ ಅದೇ.

ತಾಮ್ರ ಬಿಸಿಯಾದರೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಏರುತ್ತದೆ. ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 0.39 ಪರ್ಸೆಂಟ್. ನಮ್ಮ ಕಾಯಿಲ್ ತಣ್ಣಗಿದ್ದಾಗ 12 ಓಮ್, 24 ವೋಲ್ಟಿಗೆ 2 ಆಂಪ್ ಎಳೆಯುತ್ತದೆ. 70 ಡಿಗ್ರಿ ಬಿಸಿ ಏರಿತು ಅನ್ನಿ. ಆಗ 15.3 ಓಮ್ ಆಗುತ್ತದೆ, ಕರೆಂಟ್ 1.57 ಆಂಪಿಗೆ ಇಳಿಯುತ್ತದೆ. ಎಳೆಯುವ ಬಲ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. ಹಾಗಾಗಿ ಬಲದಲ್ಲಿ ನೂರಕ್ಕೆ 38 ಪಾಲು ಮಾಯ. ಅದೂ ಪ್ಲಂಜರ್ ಹೊರಗಿದ್ದು ಗಾಳಿಯ ಸಂದು ದೊಡ್ಡದಿರುವಾಗ, ಅಂದರೆ ಕರೆಂಟ್ ಎಲ್ಲಕ್ಕಿಂತ ಜಾಸ್ತಿ ಬೇಕಾದ ಹೊತ್ತಿಗೆ.

ಇಷ್ಟು ಪುಸ್ತಕದಲ್ಲಿದೆ. ಕಣ್ಣಾರೆ ಕಂಡದ್ದು ಬೇರೆ ಥರ. ನಮ್ಮಲ್ಲಿ ಒಬ್ಬಳು ಅಪ್ರೆಂಟಿಸ್ ಹುಡುಗಿ ಇದ್ದಾಳೆ. ಒಂದು ದಿನ ಕಾಯಿಲಿನ ತಂತಿಗೆ ಕರೆಂಟ್ ಅಳೆಯುವ ಕ್ಲ್ಯಾಂಪ್ ಹಾಕಿ, ಏರಿಳಿತವನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿಗೆ ಕೊಟ್ಟೆವು. ಸ್ವಿಚ್ ಹಾಕಿದ ಕೂಡಲೇ ಕರೆಂಟ್ 2 ಆಂಪಿಗೆ ಹಾರುವುದಿಲ್ಲ. ಕಾಯಿಲಿನ ಇಂಡಕ್ಟೆನ್ಸ್ ಅದನ್ನು ತಡೆಯುತ್ತದೆ. ಗೆರೆ ನಿಧಾನಕ್ಕೆ ಬಾಗುತ್ತಾ ಮೇಲೇರುತ್ತದೆ. ಏರುತ್ತಾ ಏರುತ್ತಾ ನಡುವೆ ಒಂದು ಕಡೆ ಕೆಳಗೆ ಜಾರಿ ಮತ್ತೆ ಏರುತ್ತದೆ. "ಸರ್, ಇಲ್ಲೊಂದು ಕುಣಿ ಬಿದ್ದಿದೆ ನೋಡಿ, ಪ್ರೋಬ್ ಸರಿಯಾಗಿ ಕೂತಿಲ್ಲ ಅನ್ಸುತ್ತೆ" ಅಂದಳು. ಪ್ರೋಬ್ ಸರಿಯಾಗಿಯೇ ಕೂತಿತ್ತು. ಪ್ಲಂಜರ್ ಓಡುವಾಗ ಕಾಯಿಲಿನಲ್ಲಿ ಎದುರು ವೋಲ್ಟೇಜ್ ಹುಟ್ಟುತ್ತದೆ, ಅದು ಬರುವ ಕರೆಂಟನ್ನು ಹಿಂದಕ್ಕೆ ತಳ್ಳುತ್ತದೆ. ಪ್ಲಂಜರ್ ಕೊನೆ ಮುಟ್ಟಿ ನಿಂತ ಕ್ಷಣವೇ ಆ ಕುಣಿಯ ತಳ. ಅಂದರೆ ಒಳಗಿನ ಕಬ್ಬಿಣ ಯಾವಾಗ ಬಂದು ಕೂತಿತು ಅನ್ನುವುದನ್ನು ಹೊರಗಿನ ತಂತಿಯೇ ಹೇಳುತ್ತದೆ. ಬೇರೆ ಸೆನ್ಸರ್ ಬೇಕಿಲ್ಲ.

ಬೆಳಿಗ್ಗೆ ಕುಣಿಯ ತಳ 17 ಮಿಲಿಸೆಕೆಂಡಿಗೆ ಬಿದ್ದಿತ್ತು. ಹನ್ನೊಂದೂವರೆಗೆ ಅದೇ ಕ್ಲ್ಯಾಂಪ್, ಅದೇ ಕಾಯಿಲ್, ತಳ 24ಕ್ಕೆ ಸರಿದಿತ್ತು. ನಮಗಿದ್ದ ಹೊತ್ತು 23ಕ್ಕಿಂತ ಕಡಿಮೆ. ಹುಡುಗಿ ಪರದೆ ನೋಡಿದಳು, ಲೈನ್ ನೋಡಿದಳು, ಅಷ್ಟರಲ್ಲಿ ಡಬ್ಬ ಬಿತ್ತು. ಅವತ್ತಿನ ಪಾಠ ಅವಳು ಮರೆಯುವುದಿಲ್ಲ, ನಾನೂ ಮರೆಯುವುದಿಲ್ಲ.

ಪರಿಹಾರ ವೋಲ್ಟೇಜ್ ಏರಿಸುವುದು. ಆದರೆ ಸುಮ್ನೆ 24ರ ಬದಲು 48 ಕೊಟ್ಟು ಬಿಟ್ಟರೆ ಕಾಯಿಲ್ ಹೊಗೆ ಹಾಕುತ್ತದೆ. ಡ್ರೈವರಿನ ಜಾಣತನ ಇರುವುದೇ ಇಲ್ಲಿ. ಮೊದಲ ಕೆಲವು ಮಿಲಿಸೆಕೆಂಡ್ ಜೋರಾಗಿ ಒದೆಯುತ್ತದೆ. ಪ್ಲಂಜರ್ ಬಂದು ಕೂತ ಮೇಲೆ ಗಾಳಿಯ ಸಂದು ಮುಚ್ಚಿರುತ್ತದೆ, ಹಿಡಿದಿಡುವುದಕ್ಕೆ ಸ್ವಲ್ಪ ಕರೆಂಟ್ ಸಾಕು. ಆಗ ಕೈ ಸಡಿಲಿಸುತ್ತದೆ. ಡೀಸೆಲ್ ಎಂಜಿನ್ನಿನ ಸೊಲೆನಾಯ್ಡ್ ಇಂಜೆಕ್ಟರುಗಳನ್ನು ಇದೇ ಉಪಾಯದಿಂದ ಓಡಿಸುತ್ತಾರೆ. 12 ವೋಲ್ಟ್ ಬ್ಯಾಟರಿಯಿಂದಲೇ 65 ವೋಲ್ಟ್ ಆಸುಪಾಸಿಗೆ ಏರಿಸಿಕೊಂಡು ಒದೆಯುತ್ತಾರೆ, ಆಮೇಲೆ ಕಡಿಮೆ ಕರೆಂಟಿನಲ್ಲಿ ಹಿಡಿದಿಡುತ್ತಾರೆ.

ಲೆಕ್ಕ ಇಷ್ಟಪಡುವ ಓದುಗರಿಗೆ ಇದೊಂದನ್ನು ಹೇಳಲೇಬೇಕು. ನಮ್ಮ ಕಾಯಿಲಿನ ಇಂಡಕ್ಟೆನ್ಸ್ ಸುಮಾರು 60 ಮಿಲಿಹೆನ್ರಿ. ಪ್ಲಂಜರ್ ಅಲ್ಲಾಡುವುದಕ್ಕೆ 1.4 ಆಂಪ್ ಬೇಕು ಅಂದುಕೊಳ್ಳಿ. 24 ವೋಲ್ಟಿನಲ್ಲಿ ತಣ್ಣಗಿನ ಕಾಯಿಲ್ ಆ ಕರೆಂಟ್ ಮುಟ್ಟುವುದಕ್ಕೆ 6 ಮಿಲಿಸೆಕೆಂಡ್, ಬಿಸಿಯಾದದ್ದು 8.7 ಮಿಲಿಸೆಕೆಂಡ್. ಅದೇ 48 ವೋಲ್ಟಿನಲ್ಲಿ ತಣ್ಣಗಿನದಕ್ಕೆ 2.2, ಬಿಸಿಯದಕ್ಕೆ 2.3. ವೇಗ ಹೆಚ್ಚಿತು ಅನ್ನುವುದು ಸರಿ, ಆದರೆ ನನಗೆ ಮುಖ್ಯವಾಗಿ ಕಂಡದ್ದು ಅದಲ್ಲ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಇದ್ದ ವ್ಯತ್ಯಾಸವೇ ಅಳಿಸಿ ಹೋಯಿತು. ಲೈನಿಗೆ ಬೇಕಾದದ್ದು ಆ ಒಂದೇ ಥರದ ನಡತೆ. ದಿನವೂ 15 ಮಿಲಿಸೆಕೆಂಡ್ ತಡ ಮಾಡಿದರೂ ಡಬ್ಬ ಬಂದದ್ದನ್ನು ಗುರುತಿಸುವ ಸೆನ್ಸರನ್ನು ಅಷ್ಟು ಹಿಂದಕ್ಕೆ ಸರಿಸಿ ಸುಧಾರಿಸಿಕೊಳ್ಳಬಹುದು. ಒಂದು ದಿನ 10, ಇನ್ನೊಂದು ದಿನ 15 ಅಂದರೆ ಏನು ಮಾಡೋದು?

ಬಿಡುವಾಗಲೂ ಇದೇ ಕತೆ. ರಿಲೇ ಕಾಲದಲ್ಲಿ ಕಾಯಿಲಿಗೆ ಅಡ್ಡವಾಗಿ ಒಂದು ಡಯೋಡ್ ಹಾಕುತ್ತಿದ್ದೆವು, ಕಿಡಿ ಹಾರಬಾರದು ಅಂತ. ಅದು ಕಿಡಿ ತಡೆಯುತ್ತದೆ, ಆದರೆ ಒಳಗಿದ್ದ ಕರೆಂಟ್ ಅದರ ಮೂಲಕವೇ ಸುತ್ತುತ್ತಾ ಕೂರುತ್ತದೆ. ಸ್ವಿಚ್ ತೆಗೆದರೂ ನಾಲಿಗೆ ಬಿಡುವುದಿಲ್ಲ. ಒಳ್ಳೆಯ ಡ್ರೈವರ್ ಆ ಹೊತ್ತಿಗೆ ಕಾಯಿಲಿಗೆ ಉಲ್ಟಾ ವೋಲ್ಟೇಜ್ ತೋರಿಸಿ, ಒಳಗಿನ ಶಕ್ತಿಯನ್ನು ತನ್ನ ಕೆಪಾಸಿಟರಿಗೆ ವಾಪಸ್ ಎಳೆದುಕೊಳ್ಳುತ್ತದೆ. ಹಿಡಿದದ್ದೇ ಕಡಿಮೆ ಕರೆಂಟಾದ್ದರಿಂದ ಬಿಡುವುದೂ ಬೇಗ.

ಅಂತೂ ಯಂತ್ರ ಕೊಟ್ಟ ಕಂಪನಿಯವರೇ ಬಂದು ಡ್ರೈವರ್ ಹಾಕಿಕೊಟ್ಟರು. ಅವರ ಟೆಕ್ನಿಷಿಯನ್ ಲ್ಯಾಪ್‌ಟಾಪ್ ಜೋಡಿಸಿ ಅರ್ಧ ದಿನ ಕೂತು ಅಂಕಿಗಳನ್ನು ಹೊಂದಿಸಿದರು. ಕೆಲಸ ತಿಳಿದ ಮನುಷ್ಯ, ಅದನ್ನು ಒಪ್ಪಬೇಕು. ನಾಲಿಗೆ ಬೆಳಿಗ್ಗೆಯೂ ಮಧ್ಯಾಹ್ನವೂ 9 ಮಿಲಿಸೆಕೆಂಡಿಗೆ ಹೊರಳತೊಡಗಿತು. ಕಾಯಿಲ್ ಮೇಲೆ ಕೈ ಇಟ್ಟರೆ ಉಗುರು ಬೆಚ್ಚಗೆ ಅಷ್ಟೆ. ಮೊದಲ ಒಂದು ವಾರ ಆಪರೇಟರ್ ಒಬ್ಬರು ಕಾಯಿಲ್ ಸೊಳ್ಳೆ ಥರ ಹಾಡುತ್ತೆ ಅಂತ ದೂರುತ್ತಿದ್ದರು. ಹಿಡಿದಿಡುವ ಕರೆಂಟನ್ನು ಡ್ರೈವರ್ ಕತ್ತರಿಸಿ ಕತ್ತರಿಸಿ ಕೊಡುತ್ತದೆ, ಆ ಕತ್ತರಿಯ ವೇಗ ಕಿವಿಗೆ ಕೇಳುವಷ್ಟಿತ್ತು. 20 ಕಿಲೋಹರ್ಟ್ಸ್‌ಗೆ ಏರಿಸಿದ ಮೇಲೆ ಹಾಡು ನಿಂತಿತು. ಹೋಗುವಾಗ ಟೆಕ್ನಿಷಿಯನ್ ಪಾಸ್‌ವರ್ಡ್ ಹಾಕಿ ಹೋದರು. ನಾವೂ ಏನೂ ಕೇಳಲಿಲ್ಲ. ಓಡುತ್ತಿದೆಯಲ್ಲ, ಸಾಕು ಅಂದುಕೊಂಡೆವು.

ಎಂಟು ತಿಂಗಳಾದ ಮೇಲೆ ಒಂದು ರಾತ್ರಿ ಡ್ರೈವರ್ ಕೈಕೊಟ್ಟಿತು. ಸ್ಟೋರಿನಲ್ಲಿ ಸ್ಪೇರ್ ಇತ್ತು. ಅದೇ ಕಂಪನಿ, ಅದೇ ಮಾಡೆಲ್, ಅದೇ ಪಾರ್ಟ್ ನಂಬರ್. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿ, ಕನೆಕ್ಟರ್ ಚುಚ್ಚಿ, ಹದಿನೈದು ನಿಮಿಷದಲ್ಲಿ ಲೈನ್ ಓಡಿಸಿದೆ. ನಾಲಿಗೆ ಟಕಟಕ ಹೊರಳಿತು, ಮೊದಲಿಗಿಂತ ಚುರುಕು ಅನಿಸಿತು. ಹೆಮ್ಮೆಯಿಂದಲೇ ಲಾಗ್ ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ. 35 ನಿಮಿಷಕ್ಕೆ ವಾರ್ನಿಷ್ ಸುಟ್ಟ ವಾಸನೆ ಬಂತು. ಈ ಕೆಲಸದಲ್ಲಿರುವವರಿಗೆ ಆ ವಾಸನೆಯನ್ನು ವಿವರಿಸಬೇಕಾಗಿಲ್ಲ. ಓಡಿ ಹೋಗಿ ನೋಡುವಷ್ಟರಲ್ಲಿ ಕಾಯಿಲಿನ ಮೇಲಿನ ಪ್ಲಾಸ್ಟಿಕ್ ಉಬ್ಬಿತ್ತು. ಪ್ಲಂಜರ್ ಒಳಗೇ ಕಚ್ಚಿಕೊಂಡಿತ್ತು.

ಆಗಿದ್ದೇನು? ನಮ್ಮ ಹಳೆಯ ಡ್ರೈವರಿನಲ್ಲಿ ಒದೆಯುವ ಕರೆಂಟ್ 3 ಆಂಪ್, ಒದೆಯುವ ಹೊತ್ತು 15 ಮಿಲಿಸೆಕೆಂಡ್, ಹಿಡಿದಿಡುವ ಕರೆಂಟ್ 0.5 ಆಂಪ್ ಎಂದು ಹಾಕಿದ್ದರು. ಕಾರ್ಖಾನೆಯಿಂದ ಬಂದ ಹೊಸದರಲ್ಲಿ ಒದೆಯುವ ಕರೆಂಟ್ 5 ಆಂಪ್, ಹೊತ್ತು 500 ಮಿಲಿಸೆಕೆಂಡ್ ಇತ್ತು. ಆರು ಡಬ್ಬ ದಾಟುವುದಕ್ಕೆ 400 ಮಿಲಿಸೆಕೆಂಡ್ ಸಾಕು. ಅಂದರೆ ಒದೆಯುವ ಹೊತ್ತು ಮುಗಿಯುವ ಮೊದಲೇ ನಾಲಿಗೆ ವಾಪಸ್ ಹೋಗುವ ಸಮಯ ಬಂದುಬಿಡುತ್ತದೆ. ಹಿಡಿದಿಡುವ ಘಟ್ಟಕ್ಕೆ ಡ್ರೈವರ್ ಒಂದು ಸಲವೂ ಬರಲಿಲ್ಲ. 48 ವೋಲ್ಟಿಗೆ 12 ಓಮ್ ಕಾಯಿಲ್ ಎಳೆಯುವುದೇ 4 ಆಂಪ್. ಹಾಗಾಗಿ 5 ಆಂಪಿನ ಮಿತಿಯೂ ಅಡ್ಡ ಬರಲಿಲ್ಲ. ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ 6 ಆಂಪಿನ ಎಂಸಿಬಿಯೂ ಮಲಗಿತ್ತು. 0.5 ಆಂಪಿನಲ್ಲಿ 3 ವ್ಯಾಟ್ ಬಿಸಿಯಾಗಬೇಕಿದ್ದ ಕಾಯಿಲಿಗೆ 192 ವ್ಯಾಟ್ ಹೋಗುತ್ತಿತ್ತು, ಅರ್ಧ ಹೊತ್ತು ಬಿಡುವು ಬಿಟ್ಟು. ಯಾರೂ ನಿಯಮ ಮುರಿದಿರಲಿಲ್ಲ. ಎಲ್ಲ ಸಾಮಾನೂ ತನಗೆ ಹೇಳಿದ ಕೆಲಸವನ್ನೇ ಮಾಡಿತ್ತು.

ಇನ್ನೊಂದು ಕಾಯಿಲ್ ಹಾಕಬಹುದಿತ್ತು, ಆದರೆ ಅಂಕಿ ಗೊತ್ತಿಲ್ಲದೆ ಅದನ್ನೂ ಸುಡುವುದು ಯಾಕೆ? ಹಳೆಯ ಡ್ರೈವರಿನ ಒಳಗೆ ಅಂಕಿಗಳಿದ್ದವು, ಅದು ಸತ್ತಿತ್ತು. ಕಂಪನಿಗೆ ಫೋನ್ ಮಾಡಿದರೆ ಪಾಸ್‌ವರ್ಡ್ ಕೊಡುವುದಿಲ್ಲ ಅಂದರು. ಪಾಸ್‌ವರ್ಡ್ ಬೇಡ, ಅಂಕಿ ಹೇಳಿ ಅಂದೆ. ಅದು ಕಂಪನಿಯ ಗುಟ್ಟು ಅಂದರು. ಮೂರು ಅಂಕಿ ಸ್ವಾಮಿ! ಅದರಲ್ಲಿ ಗುಟ್ಟೇನಿದೆ? ಕ್ಲ್ಯಾಂಪ್ ಹಾಕಿ ಸ್ಕೋಪ್ ನೋಡಿದರೆ ಯಾರು ಬೇಕಾದರೂ ಓದಬಹುದಾದದ್ದು. ನಾವು ಓಡುತ್ತಿದ್ದಾಗ ಓದಿಟ್ಟುಕೊಳ್ಳಲಿಲ್ಲ, ಅದು ನಮ್ಮ ದಡ್ಡತನ. ಟೆಕ್ನಿಷಿಯನ್ ಮೂರನೇ ದಿನ ಬಂದರು. ಲ್ಯಾಪ್‌ಟಾಪ್ ಜೋಡಿಸಿ, ಹಳೆಯ ಫೈಲ್ ಹುಡುಕಿ, ಕಳಿಸಿ, ನಾಲ್ಕು ನಿಮಿಷದಲ್ಲಿ ಮುಗಿಸಿದರು. ಮೂರು ದಿನ ನಿಂತ ಲೈನು, ನಾಲ್ಕು ನಿಮಿಷದ ಕೆಲಸ.

ಬೀಗ ಹಾಕುವುದಕ್ಕೆ ಅವರ ಬಳಿ ಕಾರಣ ಇಲ್ಲ ಅಂತ ನಾನು ಹೇಳುವುದಿಲ್ಲ. ನಮ್ಮಲ್ಲೇ ಹಿಂದೊಮ್ಮೆ ಬೇರೆ ಯಂತ್ರದಲ್ಲಿ, ಪ್ಲಂಜರ್ ಗುರ್ ಅನ್ನುತ್ತದೆ ಅಂತ ಯಾರೋ ಒಬ್ಬರು ಹಿಡಿದಿಡುವ ಕರೆಂಟನ್ನು ಮೂರು ಪಟ್ಟು ಏರಿಸಿ ಮನೆಗೆ ಹೋಗಿದ್ದರು. ಗುರ್ ನಿಂತಿತು, ಕಾಯಿಲೂ ಒಂದು ವಾರದಲ್ಲಿ ನಿಂತಿತು. ಗುರ್ ಅನ್ನುತ್ತಿದ್ದದ್ದು ಪ್ಲಂಜರಿನ ಮುಖಕ್ಕೆ ಹತ್ತಿದ್ದ ಕಸಕ್ಕೆ. ಪ್ಲಂಜರ್ ಪೂರ್ತಿ ಕೂರುತ್ತಿರಲಿಲ್ಲ. ಅಂಕಿ ಮುಟ್ಟುವ ಬದಲು ಬಟ್ಟೆ ತಗೊಂಡು ಒರೆಸಬೇಕಿತ್ತು. ಇಂಥವರ ಕೈಯಿಂದ ಯಂತ್ರವನ್ನು ಕಾಪಾಡುವುದಕ್ಕೆ ಬೀಗ ಬೇಕು, ಒಪ್ಪುತ್ತೇನೆ. ಆದರೆ ಬದಲಿಸುವುದು ಬೇರೆ, ಓದುವುದು ಬೇರೆ. ಬದಲಿಸುವುದಕ್ಕೆ ಎಷ್ಟು ಬೀಗ ಬೇಕಾದರೂ ಹಾಕಿ. ಓದುವುದಕ್ಕೆ ಯಾಕೆ?

ಈ ತೊಂದರೆಗೆ ತಾಂತ್ರಿಕವಾಗಿ ಉತ್ತರ ಈಗಾಗಲೇ ಇದೆ. ಐಒ-ಲಿಂಕ್ ಎಂಬ ಪದ್ಧತಿಯಲ್ಲಿ ಜೋಡಿಸಿದ ಸಾಮಾನುಗಳ ಅಂಕಿಗಳನ್ನು ಮೇಲಿನ ಮಾಸ್ಟರ್ ಪೆಟ್ಟಿಗೆಯೇ ನಕಲು ಇಟ್ಟುಕೊಳ್ಳುವ ಅನುಕೂಲ ಇದೆ. ಅದನ್ನು ಚಾಲೂ ಮಾಡಿಟ್ಟಿದ್ದರೆ, ಕೆಟ್ಟದ್ದನ್ನು ತೆಗೆದು ಅದೇ ಥರದ ಹೊಸದನ್ನು ಚುಚ್ಚಿದಾಗ ಮಾಸ್ಟರೇ ಅಂಕಿಗಳನ್ನು ಅದಕ್ಕೆ ತುಂಬುತ್ತದೆ. ರಾತ್ರಿ ಎರಡು ಗಂಟೆಗೆ ನನ್ನಂಥವನು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಇನ್ನು ಕೆಲವು ಡ್ರೈವರುಗಳು ನಮ್ಮ ಹುಡುಗಿ ಕಂಡ ಆ ಕುಣಿಯನ್ನೇ ಹುಡುಕುತ್ತವೆ. ಕುಣಿ ಕಾಣದಿದ್ದರೆ ಪ್ಲಂಜರ್ ಅಲ್ಲಾಡಿಲ್ಲ ಅಂತ ಅಲಾರಂ ಕೊಡುತ್ತವೆ. ಜೋರು ವೋಲ್ಟೇಜಿನಲ್ಲಿ ಕುಣಿ ಚಿಕ್ಕದಾಗುತ್ತದೆ, ಹುಡುಕುವುದು ಕಷ್ಟ, ಆದರೂ ಹುಡುಕುತ್ತವೆ. ಇದನ್ನೆಲ್ಲ ನೋಡಿದರೆ ಆ ಓದುಗರು ಬುದ್ಧಿ ಬಂದಿದೆ ಅಂದದ್ದರಲ್ಲಿ ಪೂರ್ತಿ ತಪ್ಪಿಲ್ಲ. ಆದರೆ ನಮ್ಮದು ಯುಎಸ್‌ಬಿ ಕೇಬಲ್ ಚುಚ್ಚಿ ಹೊಂದಿಸುವ ಥರದ್ದು. ಅದಕ್ಕೆ ನೆನಪಿಡುವವರು ಯಾರೂ ಇಲ್ಲ. ಲೋಕದ ಎಷ್ಟೋ ಪ್ಯಾನೆಲ್ಲುಗಳಲ್ಲಿ ಇನ್ನೂ ಹೀಗೆಯೇ ಇದೆ.

ಹಾಗಾಗಿ ಯಂತ್ರ ಕೊಳ್ಳುವ ಅಧಿಕಾರ ಇರುವ ಓದುಗರಲ್ಲಿ ನನ್ನದೊಂದು ಕೋರಿಕೆ. ಪರ್ಚೇಸ್ ಆರ್ಡರಿನಲ್ಲಿ ಒಂದೇ ಒಂದು ಸಾಲು ಸೇರಿಸಿ: ಪ್ರೋಗ್ರಾಂ ಮಾಡಿದ ಪ್ರತಿ ಡ್ರೈವರಿನ ಅಂಕಿಗಳನ್ನು ಕಾಗದದ ಮೇಲೆ ಕೊಡಬೇಕು, ಕೊಡದೆ ಕೊನೆಯ ಕಂತು ಸಿಗುವುದಿಲ್ಲ. ಸಪ್ಲೈ ವೋಲ್ಟೇಜ್ ಎಷ್ಟು, ಒದೆಯುವ ಕರೆಂಟ್ ಎಷ್ಟು, ಎಷ್ಟು ಹೊತ್ತು, ಹಿಡಿದಿಡುವ ಕರೆಂಟ್ ಎಷ್ಟು, ಕತ್ತರಿಸುವ ವೇಗ ಎಷ್ಟು, ಕಾಯಿಲಿನ ರೆಸಿಸ್ಟೆನ್ಸ್ ಎಷ್ಟು ಮತ್ತು ಎಷ್ಟು ಡಿಗ್ರಿಯಲ್ಲಿ ಅಳೆದದ್ದು. ಅಂಗೈ ಅಗಲದ ಚೀಟಿಯಲ್ಲಿ ಹಿಡಿಯುತ್ತದೆ. ಯಂತ್ರ ಬಂದು ಕೂತ ಮೇಲೆ ಕೇಳಿದರೆ ನಮಗೆ ಬಂದ ಉತ್ತರವೇ ನಿಮಗೂ ಬರುತ್ತದೆ. ಸಹಿ ಹಾಕುವ ಮೊದಲೇ ಕೇಳಿ, ಆಗ ಗುಟ್ಟು ಅನ್ನುವ ಮಾತೇ ಬರುವುದಿಲ್ಲ.

ಮೂರನೇ ದಿನ ಬಂದ ಟೆಕ್ನಿಷಿಯನ್ ಕೆಲಸ ಮುಗಿಸಿ ಪರದೆ ಮುಚ್ಚುವ ಮೊದಲು ನಮ್ಮ ಹುಡುಗಿ ಅವರ ಹಿಂದೆ ನಿಂತು ಅಂಕಿಗಳನ್ನು ಅಂಗೈ ಮೇಲೆ ಬರೆದುಕೊಂಡಳು. ಅವರು ನೋಡಿಯೂ ನೋಡದ ಹಾಗೆ ಇದ್ದರು. ಬೇಡ ಅನ್ನುವ ಮನಸ್ಸು ಅವರಿಗೂ ಇರಲಿಲ್ಲ ಅನ್ನಿಸುತ್ತದೆ, ನಿಯಮ ಮಾಡಿದವರು ಬೇರೆ ಯಾರೋ. ಈಗ ಆ ಅಂಕಿಗಳು ಪ್ಯಾನೆಲ್ ಬಾಗಿಲಿನ ಒಳಮೈಗೆ ಅಂಟಿಸಿದ ಚೀಟಿಯಲ್ಲಿವೆ. ಮೊನ್ನೆ ಸ್ಟೋರಿಗೆ ಹೊಸ ಸ್ಪೇರ್ ಬಂತು. ಅದರ ಡಬ್ಬದ ಮೇಲೂ ಅವಳು ಕೆಂಪು ಮಾರ್ಕರಿನಲ್ಲಿ ಬರೆದಿದ್ದಾಳೆ: "500 ಇದೆ, 15 ಮಾಡದೆ ಚುಚ್ಚಬೇಡಿ." ಮಾಡುವುದು ಹೇಗೆ ಅಂತ ಅವಳೂ ಬರೆದಿಲ್ಲ, ಪಾಸ್‌ವರ್ಡ್ ಇನ್ನೂ ಬಂದಿಲ್ಲವಲ್ಲ.

ಇಂತಿ,
ರಾತ್ರಿ ಪಾಳಿಯ ಒಬ್ಬ ಮೆಂಟೆನೆನ್ಸ್ ಎಲೆಕ್ಟ್ರಿಷಿಯನ್